ಕಡಲೊಳಗೆ ಗಟ್ಟಿಯಾಗುವ ಗಾರೆ

ರೋಮನ್ನರು ಕಡಲಲ್ಲಿ ಬಂದರು ಕಟ್ಟಲು ಬಳಸಿದ ಗಾರೆಯ ಪ್ರಮಾಣವನ್ನು ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ತನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ: ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ನೇಪಲ್ಸ್ ಕೊಲ್ಲಿಯ ಜ್ವಾಲಾಮುಖಿ ಬೂದಿ. ಆದರೆ ಹಸಿ ಗಾರೆಯನ್ನು ನೀರಿಗೆ ಸುರಿದರೆ ಕದಡಿ ಹರಡಿಹೋಗುವುದಿಲ್ಲವೇ? ಕಲಸುವ ಹದ ಯಾವುದು, ತಳಕ್ಕೆ ಇಳಿಸುವುದು ಹೇಗೆ? ಇದು ಕೈಯಿಂದ ಮಾಡಿ ನೋಡಿದರಷ್ಟೇ ತಿಳಿಯುವ ಸಂಗತಿ.

ಸಂಶೋಧಕರಾದ ಜಾನ್ ಓಲೆಸನ್, ಕ್ರಿಸ್ಟೋಫರ್ ಬ್ರ್ಯಾಂಡನ್, ರಾಬರ್ಟ್ ಹೋಲ್‌ಫೆಲ್ಡರ್ ಮತ್ತು ಸಂಗಡಿಗರು 2004ರಲ್ಲಿ ಇಟಲಿಯ ಬ್ರಿಂಡಿಸಿ ಬಂದರಿನಲ್ಲಿ ಮಾಡಿದ್ದು ಅದನ್ನೇ. ಮರದ ಹಲಗೆಗಳ ಅಚ್ಚನ್ನು ನೀರಿಗಿಳಿಸಿದರು. ಒಳಗಿನ ನೀರನ್ನು ಹೊರಹಾಕಲಿಲ್ಲ. ಗಟ್ಟಿಯಾಗಿ ಕಲಸಿದ ಗಾರೆಯನ್ನು ಬುಟ್ಟಿಯಲ್ಲಿ ತಳದವರೆಗೆ ಇಳಿಸಿ ಸುರಿದರು, ನಡುನಡುವೆ ಟಫ್ ಎಂಬ ಹಗುರವಾದ ಜ್ವಾಲಾಮುಖಿ ಕಲ್ಲಿನ ತುಂಡುಗಳನ್ನು ಹಾಕಿ ದಮ್ಮಸು ಮಾಡಿದರು. ಗಾರೆ ಚದುರಲಿಲ್ಲ. ಸುಮಾರು 8 ಘನ ಮೀಟರಿನ ದಿಮ್ಮಿ ಕಡಲೊಳಗೇ ಎದ್ದಿತು. ಮುಂದೆ ಅದರಲ್ಲಿ ಕೊಳವೆಯಿಂದ ಕೊರೆದು ತಿರುಳು ತೆಗೆದು, ಹಳೆಯ ಬಂದರುಗಳಿಂದ ತೆಗೆದ ತಿರುಳಿನೊಂದಿಗೆ ಹೋಲಿಸಿದರು. ಪುಸ್ತಕದ ಒಂದು ಸಾಲನ್ನು ಅರ್ಥಮಾಡಿಕೊಳ್ಳಲು ಇಷ್ಟು ಮೈಮುರಿದು ದುಡಿಯುವ ಪಂಡಿತರೆಂದರೆ ನನಗೆ ಅಪಾರ ಗೌರವ.

ಬರಿಯ ಸುಣ್ಣದ ಗಾರೆ ಗಟ್ಟಿಯಾಗಲು ಗಾಳಿ ಬೇಕು. ಬೂದಿ ಸೇರಿದರೆ ಅದರ ಸಿಲಿಕಾ, ಅಲ್ಯುಮಿನಾಗಳು ಸುಣ್ಣದೊಂದಿಗೆ ಕೂಡಿಕೊಂಡು ನೀರಿನಡಿಯಲ್ಲೇ ಕಲ್ಲಾಗುತ್ತವೆ. ಕನ್ನಂಬಾಡಿ ಕಟ್ಟೆಯ ಸುರ್ಕಿ ಗಾರೆಯಲ್ಲಿ ಸುಟ್ಟ ಇಟ್ಟಿಗೆಯ ಪುಡಿ ಮಾಡಿದ್ದೂ ಇದೇ ಕೆಲಸ. ರೋಮನ್ನರಿಗೆ ಈ ಬೂದಿಯ ಮೇಲೆ ಎಷ್ಟು ನೆಚ್ಚಿಕೆಯೆಂದರೆ, ರೋಮಿನ ಸಾಮಂತನಾದ ಹೆರೋದ ರಾಜ ಪ್ಯಾಲೆಸ್ಟೀನಿನ ಸೀಸರಿಯಾದಲ್ಲಿ ಬಂದರು ಕಟ್ಟಿಸಿದಾಗಲೂ ಬೂದಿ ನೇಪಲ್ಸಿನಿಂದಲೇ ಹಡಗೇರಿ ಬಂತು.

ನಮ್ಮ ಕಾಂಕ್ರೀಟಿಗಿಂತ ರೋಮನ್ ಗಾರೆಯೇ ಮೇಲು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದರಲ್ಲಿ ಕಬ್ಬಿಣದ ಸರಳಿಲ್ಲ, ಆದ್ದರಿಂದ ತುಕ್ಕಿನಿಂದ ಒಡೆಯುವ ಭಯವಿಲ್ಲ; ಆದರೆ ಸರಳಿಲ್ಲದ ಕಾರಣಕ್ಕೇ ನಮ್ಮ ತೆಳುವಾದ ತೊಲೆಗಳು ಹೊರುವ ಹೊರೆಯನ್ನು ಅದು ಹೊರಲಾರದು.

ಈಚೆಗೆ ಇನ್ನೊಂದು ಚರ್ಚೆ ಎದ್ದಿದೆ. ರೋಮನ್ ಗಾರೆಯಲ್ಲಿ ಕಾಣುವ ಬಿಳಿ ಸುಣ್ಣದ ಗಂಟುಗಳನ್ನು ಸರಿಯಾಗಿ ಕಲಸದ್ದರ ಗುರುತೆಂದೇ ಬಹುಕಾಲ ನಂಬಿದ್ದರು. ಅಮೆರಿಕದ ಎಂಐಟಿಯ ಅದ್ಮೀರ್ ಮಾಸಿಕ್ ತಂಡ 2023ರಲ್ಲಿ ಬೇರೆ ವಾದ ಮಂಡಿಸಿತು: ಸುಣ್ಣವನ್ನು ಮೊದಲೇ ನೀರು ಹಾಕಿ ಅರಳಿಸದೆ, ಸುಟ್ಟ ಸುಣ್ಣವನ್ನೇ ಬೂದಿಯೊಂದಿಗೆ ಬೆರೆಸಿ ಬಿಸಿಬಿಸಿಯಾಗಿ ಕಲಸಿದ್ದರಿಂದ ಆ ಗಂಟುಗಳು ಉಳಿದವು. ಹಾಗೆ ಮಾಡಿದ ಮಾದರಿಗಳನ್ನು ಬೇಕೆಂದೇ ಸೀಳಿ ನೀರು ಹರಿಸಿದಾಗ, ಎರಡೇ ವಾರದಲ್ಲಿ ಬಿರುಕು ಮುಚ್ಚಿ ನೀರು ನಿಂತಿತು. ಸುಟ್ಟ ಸುಣ್ಣವಿಲ್ಲದ ಮಾದರಿಯಲ್ಲಿ ಹರಿವು ನಿಲ್ಲಲೇ ಇಲ್ಲ. ಆದರೆ ವಿಟ್ರೂವಿಯಸ್ ಹೇಳುವುದು ಅರಳಿಸಿದ ಸುಣ್ಣದ ಬಗ್ಗೆ. ಪ್ರಯೋಗಾಲಯದ ಪುಟ್ಟ ಮಾದರಿಗಳಿಂದ ಈ ಜಗಳ ಬಗೆಹರಿಯದು. ಎರಡೂ ಬಗೆಯ ಸುಣ್ಣದಿಂದ ಎರಡು ದೊಡ್ಡ ದಿಮ್ಮಿಗಳನ್ನು ಕಡಲಲ್ಲಿ ಅಕ್ಕಪಕ್ಕ ಕಟ್ಟಬೇಕು, ವರ್ಷವರ್ಷವೂ ತಿರುಳು ತೆಗೆದು ನೋಡಬೇಕು.