ಸುದ್ದಿಯ ಕೂಲಿ ಯಾರ ಕೈಗೆ?

2025ರ ಫೆಬ್ರವರಿಯಲ್ಲಿ ಗೂಗಲ್ ಬೆಂಗಳೂರಿನ ಮಹದೇವಪುರದಲ್ಲಿ 'ಅನಂತ' ಹೆಸರಿನ ದೊಡ್ಡ ಕ್ಯಾಂಪಸ್ ತೆರೆಯಿತು. ಅಲ್ಲಿಂದ ಹೊರವರ್ತುಲ ರಸ್ತೆ ಹಿಡಿದು ದಕ್ಷಿಣಕ್ಕೆ ಹೋದರೆ ಬೆಳ್ಳಂದೂರು ಕೆರೆ. ಅದರ ಕೋಡಿ ನೀರು ಇಳಿಯುವುದು ವರ್ತೂರು ಕೆರೆಗೆ. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮಾಧ್ಯಮ ವರದಿಗಳನ್ನು ಕಂಡು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಮರುವರ್ಷದ ಡಿಸೆಂಬರ್‌ನಲ್ಲಿ ಕೆರೆಗಳ ಶುದ್ಧೀಕರಣಕ್ಕೆಂದು 500 ಕೋಟಿ ರೂಪಾಯಿ ತೆಗೆದಿಡುವಂತೆ ರಾಜ್ಯ ಸರ್ಕಾರಕ್ಕೆ ಆದೇಶಿಸಿತು. ಕೆರೆ ದಂಡೆಯ ಹೊಗೆಯಲ್ಲಿ, ದುರ್ನಾತದಲ್ಲಿ ನಿಂತು ಬರೆದವರ ದುಡಿಮೆಯ ಬೆಲೆ ಅದು. ಇಂದು ಆ ಕೆರೆಗಳ ಬಗ್ಗೆ ಗೂಗಲ್‌ನಲ್ಲಿ ಹುಡುಕುವವರಿಗೆ ತಲೆಬರಹ, ಒಂದು ಚಿತ್ರ, ಎರಡು ಸಾಲು ಪುಕ್ಕಟೆ ಸಿಗುತ್ತವೆ. ಬಹಳ ಮಂದಿ ಅಷ್ಟಕ್ಕೇ ತೃಪ್ತರು. ಪತ್ರಿಕೆಯ ಪುಟದವರೆಗೆ ಬರುವುದಿಲ್ಲ.

ಹೀಗೆ ಸುದ್ದಿ ತೋರಿಸುವುದಕ್ಕೆ ಗೂಗಲ್‌ನಂಥ ಕಂಪನಿಗಳು ಹಣ ಕೊಡಲಿ ಎಂಬ ಪ್ರಕಾಶಕರ ಬೇಡಿಕೆ ನ್ಯಾಯವಾದದ್ದೇ. ಡಿಜಿಟಲ್ ಸುದ್ದಿ ಪ್ರಕಾಶಕರ ಸಂಘದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2022ರ ಜನವರಿಯಲ್ಲಿ ಗೂಗಲ್ ವಿರುದ್ಧ ತನಿಖೆಗೆ ಆದೇಶಿಸಿತು. 60 ದಿನಗಳಲ್ಲಿ ವರದಿ ಬೇಕೆಂದ ಆ ತನಿಖೆ ವರ್ಷಗಟ್ಟಲೆ ಎಳೆದಿದೆ. ಈ ನಡುವೆ ವಿದೇಶಿ ಕಂಪನಿಗಳ ಆನ್‌ಲೈನ್ ಜಾಹೀರಾತಿನ ಮೇಲಿದ್ದ ಶೇ 6ರ ಸಮೀಕರಣ ಶುಲ್ಕವನ್ನೂ ಕೇಂದ್ರ 2025ರ ಏಪ್ರಿಲ್ 1ರಿಂದ ಕೈಬಿಟ್ಟಿತು.

ನನ್ನ ತಕರಾರು ಆ ಬೇಡಿಕೆ ಅರ್ಧದಾರಿಯಲ್ಲೇ ನಿಲ್ಲುತ್ತದೆ ಎಂಬುದು. ಬಂದ ಹಣ ಯಾರಿಗೆ? ಸುದ್ದಿಗೆ ಕಂಪನಿಗಳಿಂದ ಹಣ ಕೊಡಿಸಲು ಆಸ್ಟ್ರೇಲಿಯಾ 2021ರಲ್ಲಿ ಕಾನೂನು ಮಾಡಿತು, ಕಂಪನಿಗಳು ಒಪ್ಪಂದಗಳಿಗೂ ಬಂದವು. ಆದರೆ ಆ ದುಡ್ಡನ್ನು ವರದಿಗಾರಿಕೆಗೇ ಬಳಸಬೇಕೆಂಬ ಷರತ್ತು ಕಾನೂನಿನಲ್ಲಿ ಇರಲಿಲ್ಲ. ಮೂರು ವರ್ಷ ಕಳೆಯುತ್ತಲೇ ಒಪ್ಪಂದ ಮುಂದುವರಿಸುವುದಿಲ್ಲ ಎಂದು ಫೇಸ್‌ಬುಕ್‌ನ ಒಡೆಯ ಮೆಟಾ ಕೈತೊಳೆದುಕೊಂಡಿತು. ಇಂಥದೇ ಕಾನೂನು ಮಾಡಿದ ಕೆನಡಾ ತೆತ್ತ ಬೆಲೆ ಇನ್ನೂ ಹೆಚ್ಚು. 2023ರ ಆಗಸ್ಟ್‌ನಿಂದ ಮೆಟಾ ಅಲ್ಲಿ ಸುದ್ದಿಯನ್ನೇ ತಡೆಹಿಡಿಯಿತು. ಅದೇ ತಿಂಗಳು ಕಾಡ್ಗಿಚ್ಚಿಗೆ ಹೆದರಿ ಯೆಲ್ಲೋನೈಫ್ ಊರಿಗೆ ಊರೇ ಖಾಲಿಯಾಗುವಾಗ ಫೇಸ್‌ಬುಕ್‌ನಲ್ಲಿ ಸುದ್ದಿಯ ಕೊಂಡಿ ಹಂಚಿಕೊಳ್ಳಲು ಜನರಿಗೆ ದಾರಿ ಇರಲಿಲ್ಲ. ಆದರೂ ನಾನು ಆರಿಸುವುದು ಕೆನಡಾದ ಲೆಕ್ಕವನ್ನೇ. ಗೂಗಲ್ ವರ್ಷಕ್ಕೆ ಕೊಡುವ 10 ಕೋಟಿ ಕೆನಡಿಯನ್ ಡಾಲರನ್ನು ಅಲ್ಲಿ ಪತ್ರಕರ್ತರು ದುಡಿದ ಗಂಟೆಗಳನ್ನು ಎಣಿಸಿ ಸಂಸ್ಥೆಗಳಿಗೆ ಹಂಚುತ್ತಾರೆ.

ಹಂಚುವುದು ಗಂಟೆ ಎಣಿಸಿಯೋ ಕ್ಲಿಕ್ಕು ಎಣಿಸಿಯೋ ಎಂಬ ವ್ಯತ್ಯಾಸ ಕನ್ನಡಕ್ಕೆ ಸಣ್ಣದಲ್ಲ. ಕ್ಲಿಕ್ಕಿನ ಲೆಕ್ಕ ಹಿಡಿದರೆ ಹಣವೆಲ್ಲ ಇಂಗ್ಲಿಷ್, ಹಿಂದಿಯ ಕಡೆ ಹರಿಯುತ್ತದೆ. ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಪ್ರೆಸ್ಸಿಗೆ ಸಿಕ್ಕಿ ಬೆರಳು ಕಳೆದುಕೊಂಡವನ ಸುದ್ದಿಯನ್ನು ಲಕ್ಷ ಜನ ಓದುವುದಿಲ್ಲ. ಅದನ್ನು ಬರೆಯಲು ಇಎಸ್‌ಐ ಆಸ್ಪತ್ರೆಗೂ ಠಾಣೆಗೂ ಓಡಾಡುವವನು ಹಲವು ಸಲ ಸಂಬಳವಿಲ್ಲದ ಸ್ಟ್ರಿಂಗರ್. ಅಚ್ಚಾದ ಸುದ್ದಿಗೆ ಇಷ್ಟು ಅಂತ ಕಾಸು, ಪೆಟ್ರೋಲು ಅವನದೇ.

ಇಂಥವರನ್ನು ಎಣಿಸುವುದು ಆಗದ ಕೆಲಸವೇನಲ್ಲ. ಕರ್ನಾಟಕದ್ದೇ 2025ರ ಗಿಗ್ ಕಾರ್ಮಿಕರ ಕಾಯ್ದೆ ನೋಡಿ. ವೈಟ್‌ಫೀಲ್ಡ್‌ನಲ್ಲಿ ಊಟದ ಪೊಟ್ಟಣ ಹೊತ್ತು ಬೈಕಿನಲ್ಲಿ ಹೋಗುವ ಹುಡುಗನಿಗೆ ಸಲ್ಲುವ ಪ್ರತಿ ಪಾವತಿಯ ಮೇಲೆ ಕಂಪನಿ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು; ಕಾರ್ಮಿಕರ ನೋಂದಣಿ ಆಗಬೇಕು, ಹಣ ಅವರ ಕಲ್ಯಾಣ ಮಂಡಳಿಗೆ ಸೇರಬೇಕು. ಜಾರಿ ಹೇಗಾಗುತ್ತದೋ ನೋಡಬೇಕು, ಆದರೆ ಕಾಯ್ದೆಯ ಕಣ್ಣು ದುಡಿಯುವವನ ಮೇಲಿದೆ. ಪ್ರಕಾಶಕರ ಬೇಡಿಕೆಯಲ್ಲಿ ನನಗೆ ಕಾಣದಿರುವುದು ಇದೇ.

ತರಬೇತಿಗೆ ಇತರರ ಬರಹ ಬಳಸುವ ಕೃತಕ ಬುದ್ಧಿಮತ್ತೆಯ ಕಂಪನಿಗಳಿಂದಲೂ ರಾಯಧನ ವಸೂಲು ಮಾಡಿ ಒಂದೇ ಸಂಸ್ಥೆಯ ಮೂಲಕ ಹಂಚಬೇಕೆಂದು ಕೇಂದ್ರದ ಕೈಗಾರಿಕಾ ಉತ್ತೇಜನ ಇಲಾಖೆಯ ಸಮಿತಿ 2025ರ ಡಿಸೆಂಬರ್‌ನಲ್ಲಿ ಸಲಹೆ ಕೊಟ್ಟಿತು. ಆ ಹಂಚಿಕೆಯ ನಿಯಮ ಬರೆಯುವ ಮೇಜಿನ ಮುಂದೆ ಪತ್ರಿಕೆಗಳ ಮಾಲೀಕರು ಹೇಗೂ ಕೂರುತ್ತಾರೆ. ಪೀಣ್ಯದ ಸ್ಟ್ರಿಂಗರ್‌ಗೂ ಅಲ್ಲಿ ಒಂದು ಕುರ್ಚಿ ಬೇಕು.