ತಳವೂರಿದ ತ್ರಿಕೋನ, ಹಿಮ ಬೀಳುವ ಚಳಿಗಾಲ

ಹಾಸನದಲ್ಲಾಗಲಿ ಚನ್ನರಾಯಪಟ್ಟಣದಲ್ಲಾಗಲಿ ಅಂಗಡಿಗೆ ಹೋಗಿ ಮಗುವಿಗೊಂದು ಚಿತ್ರಪುಸ್ತಕ ಕೇಳಿದರೆ ಕೈಗೆ ಬರುವುದು ಹೆಚ್ಚಾಗಿ ಒಂದೇ ಅಚ್ಚಿನದು: ದಪ್ಪ ರಟ್ಟು, ಹೊಳೆಯುವ ಬಣ್ಣ, ಪುಟಕ್ಕೆ ನಾಲ್ಕು ಚಿತ್ರ, ಕೆಳಗೆ ಹೆಸರು. ಹಣ್ಣು, ಪ್ರಾಣಿ, ವಾಹನಗಳಿಗೆ ಈ ಏರ್ಪಾಟು ಸಾಕು. ಆಕಾರಕ್ಕೆ ಬಂದಾಗ ಕುಂಟುತ್ತದೆ, ಋತುವಿಗೆ ಬಂದಾಗ ಬಿದ್ದೇ ಹೋಗುತ್ತದೆ.

ಈ ಪುಸ್ತಕಗಳ ತ್ರಿಕೋನ ಮೂರೂ ಬದಿ ಸಮವಾಗಿ, ಸದಾ ತಳವೂರಿ ಕೂತಿರುತ್ತದೆ. ಅದನ್ನೇ ಕಂಡು ರೂಢಿಯಾದ ಮಗು ತಲೆಕೆಳಗಾದದ್ದನ್ನೋ ಸಪೂರವಾದದ್ದನ್ನೋ ತೋರಿಸಿದರೆ ಅಲ್ಲವೆಂದು ತಲೆಯಾಡಿಸುತ್ತದೆ. ಓರೆಯಾಗಿಟ್ಟರೆ ಚೌಕವೂ ಚೌಕವಲ್ಲ. ನೆದರ್ಲೆಂಡ್ಸಿನ ಗಣಿತ ಶಿಕ್ಷಕರಾದ ವಾನ್ ಹೀಲೆ ದಂಪತಿ 1957ರಲ್ಲೇ ಹೇಳಿದ್ದರು: ಮೊದಲ ಹಂತದಲ್ಲಿ ಮಗು ಬದಿ, ಮೂಲೆ ಎಣಿಸದೆ ಒಟ್ಟು ನೋಟದಿಂದಲೇ ಆಕಾರ ಗುರುತಿಸುತ್ತದೆ. ಹಾಗಿದ್ದಮೇಲೆ ನೋಟಗಳು ಹಲವಿರಬೇಡವೇ? ಬೇಲೂರು ದೇಗುಲದ ನಕ್ಷತ್ರಾಕಾರದ ಜಗತಿ, ಕಡೆದು ನುಣುಪಾಗಿಸಿದ ದುಂಡು ಕಂಬಗಳು ಇರುವ ಜಿಲ್ಲೆಯಲ್ಲಿ ವೃತ್ತ ತೋರಿಸಲು ಈ ಪುಸ್ತಕಗಳಿಗೆ ಪಿಜ್ಜಾ ಬೇಕಾಗಿರುವುದು ತಮಾಷೆಯೇ. ರೊಟ್ಟಿ ತಟ್ಟುವ ಮನೆಗಳಿಗೂ ಅದೇ ಪಿಜ್ಜಾ.

ಋತುವಿನ ಪುಟದಲ್ಲಿ ಹಿಮದ ಗೊಂಬೆ, ಉದುರುವ ಕೆಂಪೆಲೆ, ಕೊಡೆ ಹಿಡಿದ ಹುಡುಗಿ. ನಮ್ಮೂರಲ್ಲಿ ಹಿಮ ಬೀಳುವುದಿಲ್ಲ ಎಂಬುದು ಸಣ್ಣ ತಕರಾರು. ದೊಡ್ಡ ತಕರಾರು ಬೇರೆಯೇ ಇದೆ. ಆಕಾರ ಕಂಡ ಕೂಡಲೇ ತಿಳಿಯುತ್ತದೆ. ಋತು ತಿಳಿಯಬೇಕಾದರೆ ಒಂದೇ ಜಾಗವನ್ನು ತಿಂಗಳುಗಟ್ಟಲೆ ನೋಡಬೇಕು. ಹಾಸನದ ಸುತ್ತ ಮುಂಗಾರು ಹಿಡಿಯುವ ಹೊತ್ತಿಗೆ ಆಲೂಗಡ್ಡೆ ಬಿತ್ತನೆ. ಅರಕಲಗೂಡಿನ ಕಡೆ ಹೊಗೆಸೊಪ್ಪಿನ ಸಸಿ ನಾಟಿ, ಆಮೇಲೆ ಹದಮಾಡುವ ಬ್ಯಾರನ್ ಮನೆಗಳಲ್ಲಿ ಸೊಪ್ಪು ಬೇಯುವ ದಿನಗಳು. ಮಕ್ಕಳ ಪುಸ್ತಕದಲ್ಲಿ ಹೊಗೆಸೊಪ್ಪೇ ಎಂದು ಮೂಗು ಮುರಿಯುವವರಿರಬಹುದು. ಮನೆಯೆದುರಿನ ಹೊಲವನ್ನು ಮಗು ಹೇಗೂ ನೋಡುತ್ತದಲ್ಲ! ಗೊರೂರಿನ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಹೊಳೆನರಸೀಪುರದ ಹೇಮಾವತಿ ತುಂಬಿ ಹರಿಯುತ್ತಾಳೆ. ಸಕಲೇಶಪುರದಲ್ಲಿ ಜಡಿಮಳೆ ಕೂತ ವಾರವೇ ಚನ್ನರಾಯಪಟ್ಟಣದ ತೆಂಗಿನ ತೋಟಗಳು ಮೋಡ ನೋಡುತ್ತಾ ನಿಂತಿರಬಹುದು. ಒಂದು ಕೊಡೆಯ ಚಿತ್ರ ಈ ಒಂದು ಜಿಲ್ಲೆಗೂ ಸಾಲದು.

ಹಾಗೆಂದು ಪುಸ್ತಕವೇ ಬೇಡ, ಬಯಲಿಗೆ ಕರೆದೊಯ್ಯಿರಿ ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಜೂನ್‌ನಲ್ಲಿ ಬಯಲಿಗೆ ಹೋದ ಮಗುವಿಗೆ ಜನವರಿ ಕಾಣುವುದಿಲ್ಲ. ಎರಡನ್ನೂ ಅಕ್ಕಪಕ್ಕ ಇಡಬಲ್ಲದ್ದು ಪುಸ್ತಕವೇ. ಪುಟ ಮಗುಚುವುದೆಂದರೆ ಕಾಲ ಸರಿಸುವುದು. ಮಕ್ಕಳ ಚಿತ್ರಪುಸ್ತಕಗಳ ಲೇಖಕ ಎರಿಕ್ ಕಾರ್ಲ್ 1969ರ ತಮ್ಮ ಕಂಬಳಿಹುಳದ ಪುಸ್ತಕದಲ್ಲಿ ಇದನ್ನೇ ದುಡಿಸಿಕೊಂಡರು: ವಾರದ ದಿನಗಳು ಸರಿದಂತೆ ಹಣ್ಣುಗಳು ಹೆಚ್ಚುತ್ತವೆ, ಹುಳು ತಿಂದು ಹೋದಲ್ಲೆಲ್ಲ ಬೆರಳು ತೂರಿಸಬಹುದಾದ ದುಂಡನೆಯ ತೂತು. ದುಂಡಗೆ ಎಂದರೇನೆಂದು ಬೆರಳಿಗೇ ತಿಳಿಯುತ್ತದೆ.

ನಮ್ಮಲ್ಲಿ ಒಂದೇ ರಾಗಿ ಹೊಲವನ್ನು ಉಳುಮೆಯಿಂದ ಒಕ್ಕಣೆಯವರೆಗೆ ಹನ್ನೆರಡು ಪುಟಗಳಲ್ಲಿ, ಒಂದೇ ಬದುವಿನ ಮೇಲೆ ನಿಂತು ನೋಡಿದಂತೆ ಬರೆದರೆ ಸಾಕು. ಅದಕ್ಕೆ ಜಾಗವೂ ಇದೆ: ಬೆಂಗಳೂರಿನ ಪ್ರಕಾಶನ ಸಂಸ್ಥೆ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳು ಉಚಿತವಾಗಿ ಸಿಗುತ್ತವೆ. ಮುಕ್ತ ಪರವಾನಗಿಯಿರುವುದರಿಂದ ಮೂಲದವರ ಹೆಸರು ಹಾಕಿ ಬದಲಿಸಿಕೊಳ್ಳಲೂಬಹುದು. ಅಂಗನವಾಡಿ ಟೀಚರ್ ತಮ್ಮೂರಿನ ಹೊಲವನ್ನೇ ಬರೆದು ಅಲ್ಲಿ ಸೇರಿಸಲು ಅಡ್ಡಿಯಿಲ್ಲ. ಬರೆದ ಮೇಲೆ ಪುಟಪುಟಕ್ಕೂ ‘ಇದು ಯಾವ ಕಾಲ, ಹೇಳು’ ಎಂದು ಪರೀಕ್ಷೆಗೆ ನಿಲ್ಲಿಸದಿದ್ದರಾಯಿತು. ‘ಹೋದ ಪುಟದಲ್ಲಿದ್ದ ಹಸಿರು ಎಲ್ಲಿ ಹೋಯ್ತು?’ ಎಂದು ಕೇಳಲಿ.