ನ್ಯಾಸಾಪಹಾರ ಮತ್ತು ಆರೋಗ್ಯ ವಿಮೆ

ಸತ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಎರಡನ್ನು ವ್ಯಾಪಾರಸ್ಥರು ವಿಶೇಷವಾಗಿ ಗಮನದಲ್ಲಿಡಬೇಕು. ಒಂದು ಕೂಟಲೇಖಕ್ರಿಯೆ, ಅಂದರೆ ಇಲ್ಲದ್ದನ್ನು ಬರೆದು ಪತ್ರ ಮಾಡುವುದು. ಇನ್ನೊಂದು ನ್ಯಾಸಾಪಹಾರ. ನಂಬಿ ಹಣವಿಟ್ಟವನು ತಾನಿಟ್ಟ ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ಹೌದು, ಅಷ್ಟೇ ಎಂದು ಒಪ್ಪಿ ಕಡಿಮೆ ಕೊಟ್ಟು ಕಳುಹಿಸುವುದೇ ನ್ಯಾಸಾಪಹಾರ. ಇಲ್ಲಿ ಯಾರೂ ಪೆಟ್ಟಿಗೆಯನ್ನು ಒಡೆದಿಲ್ಲ. ಕೇಳಿದ್ದನ್ನು ಕೊಟ್ಟೂ ಆಗಿದೆ. ಆದರೂ ವ್ರತಭಂಗವಾಯಿತು. ಇದನ್ನು ಅಚೌರ್ಯದ ಅತಿಚಾರಗಳಲ್ಲಿ ಎಣಿಸದೆ ಸತ್ಯದ ಅತಿಚಾರಗಳಲ್ಲಿ ಎಣಿಸಿರುವುದು ಮನನೀಯವಾಗಿದೆ.

ಇಂದಿನ ಖಾಸಗಿ ಆರೋಗ್ಯ ವಿಮೆಯನ್ನು ಈ ಒರೆಗಲ್ಲಿಗೆ ಹಚ್ಚಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ದೇಶದಲ್ಲಿ ಮೆಡಿಕ್ಲೇಮ್ ಪಾಲಿಸಿಯನ್ನು 1986ರಲ್ಲಿ ಸರ್ಕಾರಿ ವಿಮಾ ಕಂಪನಿಗಳು ಆರಂಭಿಸಿದವು. 1999ರ ಕಾಯಿದೆಯ ನಂತರ ಖಾಸಗಿ ಕಂಪನಿಗಳು ಈ ಕ್ಷೇತ್ರಕ್ಕೆ ಬಂದವು. ಕರ್ನಾಟಕದ ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಿ ಆರಂಭದ ವಂತಿಗೆ ತಿಂಗಳಿಗೆ ಕೇವಲ 5 ರೂಪಾಯಿ. 2018ರಲ್ಲಿ ನಿಂತುಹೋದ ಅದು 2022–23ರಲ್ಲಿ ಮತ್ತೆ ಆರಂಭವಾಯಿತು. ಬಡತನ ರೇಖೆಯ ಕೆಳಗಿನ ಕುಟುಂಬಗಳಿಗೆ 2018ರಿಂದ ಆರೋಗ್ಯ ಕರ್ನಾಟಕ ಮತ್ತು ಆಯುಷ್ಮಾನ್ ಭಾರತ್ ಆಸರೆಯಾಗಿವೆ. ಆದರೆ ಕಡೂರು, ತರೀಕೆರೆ, ಅಜ್ಜಂಪುರದ ಪೇಟೆಬೀದಿಯ ಸಣ್ಣ ಅಂಗಡಿಕಾರನ ಸ್ಥಿತಿ ಏನು? ಅವನು ಸಹಕಾರ ಸಂಘದ ಸದಸ್ಯನಲ್ಲ. ಬಿಪಿಎಲ್ ಚೀಟಿಯೂ ಇಲ್ಲ. ಅಂಥವರಿಗೆ ಆರೋಗ್ಯ ಕರ್ನಾಟಕ ಭರಿಸುವುದು ನಿಗದಿತ ದರದ ಶೇಕಡಾ 30ರಷ್ಟು ಮಾತ್ರ. ಹೃದಯದ ಅಥವಾ ಮೂತ್ರಪಿಂಡದ ದೊಡ್ಡ ಚಿಕಿತ್ಸೆಗೆ ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗಬೇಕಾದ ಈ ಕುಟುಂಬಗಳಿಗೆ ಖಾಸಗಿ ವಿಮೆಯು ಅನಿವಾರ್ಯವಾಗಿದೆ. ಅನಿವಾರ್ಯತೆಯಿಂದ ಬಂದವನೊಡನೆ ಮಾಡಿಕೊಳ್ಳುವ ಒಪ್ಪಂದದಲ್ಲಿ ಬಲಶಾಲಿಯ ಹೊಣೆ ಹೆಚ್ಚು.

ಒಪ್ಪಂದದ ಒಂದು ಷರತ್ತನ್ನು ಉದಾಹರಣೆಗೆ ನೋಡೋಣ. ಕೆಲವು ಪಾಲಿಸಿಗಳಲ್ಲಿ ಕೊಠಡಿ ಬಾಡಿಗೆಯ ಮಿತಿ ವಿಮಾ ಮೊತ್ತದ ಶೇಕಡಾ 1. ಮೂರು ಲಕ್ಷದ ವಿಮೆಯಾದರೆ ದಿನಕ್ಕೆ 3,000 ರೂಪಾಯಿ. ರೋಗಿಯು 6,000 ರೂಪಾಯಿಯ ಕೊಠಡಿಯಲ್ಲಿದ್ದರೆ ಹೆಚ್ಚುವರಿ ಬಾಡಿಗೆಯಷ್ಟೇ ಅವನ ಪಾಲಿಗೆ ಬರುತ್ತದೆ ಎಂದು ನಾವು ತಿಳಿಯುತ್ತೇವೆ. ಹಾಗಲ್ಲ. ಕೊಠಡಿಗೆ ತಕ್ಕಂತೆ ಏರುವ ವೈದ್ಯರ ಮತ್ತು ಶಸ್ತ್ರಚಿಕಿತ್ಸೆಯ ಶುಲ್ಕಗಳಿಗೂ ಅದೇ ಪ್ರಮಾಣದ ಕಡಿತವಾಗಬಹುದು. ಲಕ್ಷದಲ್ಲಿ ಐವತ್ತು ಸಾವಿರ ಕೈಬಿಟ್ಟುಹೋಗುತ್ತದೆ. ಔಷಧ, ಪರೀಕ್ಷೆಗಳಿಗೆ ಈ ಕಡಿತ ಸಲ್ಲದೆಂಬ ನಿಯಮವಿದ್ದರೂ ಅದನ್ನು ಬಲ್ಲವರೆಷ್ಟು ಮಂದಿ? ತನಗೆ ಸಲ್ಲಬೇಕಾದ್ದು ಎಷ್ಟೆಂದು ಅರಿಯದವನ ಅಜ್ಞಾನವು ಕೊಡುವವನ ಲಾಭವಾದರೆ, ಅದಕ್ಕೆ ಶಾಸ್ತ್ರವು ಕೊಟ್ಟ ಹೆಸರನ್ನು ಮೇಲೆಯೇ ಹೇಳಿದೆ. ವಿಮಾ ನಿಯಂತ್ರಣ ಪ್ರಾಧಿಕಾರದ ವರದಿಯಂತೆ 2023–24ರಲ್ಲಿ ಬಂದ ಆರೋಗ್ಯ ವಿಮೆಯ ಕೋರಿಕೆಗಳ ಮೊತ್ತ ಸುಮಾರು 1.17 ಲಕ್ಷ ಕೋಟಿ ರೂಪಾಯಿ. ಪಾವತಿಯಾದದ್ದು ಸುಮಾರು 83 ಸಾವಿರ ಕೋಟಿ. ಉಳಿದುದೆಲ್ಲವೂ ಅನ್ಯಾಯವೆನ್ನಲಾಗದು, ಆದರೆ ಅದರಲ್ಲಿ ಎಷ್ಟು ನ್ಯಾಯವೆಂಬುದನ್ನು ಕೇಳುವ ಹಕ್ಕು ವಂತಿಗೆದಾರನಿಗಿದೆ.

ದೋಷವು ಒಂದೇ ಪಕ್ಷದ್ದಲ್ಲ. ಏಜೆಂಟರು ಇಂಗ್ಲಿಷ್ ಅರ್ಜಿಯನ್ನು ತಾವೇ ತುಂಬುತ್ತಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇವೆಯೇ ಎಂಬಲ್ಲಿ ಇಲ್ಲವೆಂದು ಗುರುತು ಹಾಕುತ್ತಾರೆ. ನಾವು ಓದದೆ ಸಹಿ ಮಾಡುತ್ತೇವೆ. ಕೆಲವೊಮ್ಮೆ ತಿಳಿದೂ ಮಾಡುತ್ತೇವೆ. ಇದು ಕೂಟಲೇಖಕ್ರಿಯೆ. ಸುಳ್ಳು ಕೋರಿಕೆಗೆ ಹೋಗುವ ಹಣವು ಕಂಪನಿಯದಲ್ಲ, ಇನ್ನೊಬ್ಬ ರೋಗಿಯದು. ಆದರೆ ಸತ್ಯ ಹೇಳಿದವನಿಗೂ ರಕ್ಷಣೆ ದೊರೆಯದಿದ್ದರೆ ಸತ್ಯವನ್ನು ಬೋಧಿಸುವುದು ಹೇಗೆ? ಸಕ್ಕರೆ ಕಾಯಿಲೆಯನ್ನು ತಿಳಿಸಿಯೇ ವಿಮೆ ಪಡೆದ ವ್ಯಕ್ತಿಯೊಬ್ಬರಿಗೆ ವಿದೇಶದಲ್ಲಿ ಹೃದಯಾಘಾತವಾದಾಗ ಕಂಪನಿಯು ಹಣ ನಿರಾಕರಿಸಿತ್ತು. ರೋಗಿಯು ತಿಳಿಸಿದ ಸ್ಥಿತಿಯನ್ನು ಪರಿಶೀಲಿಸಿ ಪಾಲಿಸಿ ಕೊಟ್ಟ ಬಳಿಕ ಅದೇ ಕಾರಣದಿಂದ ನಿರಾಕರಿಸುವಂತಿಲ್ಲವೆಂದು 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ಬಿ.ವಿ. ನಾಗರತ್ನ ಅವರ ಪೀಠ ತೀರ್ಪಿತ್ತಿತು.

2024ರಲ್ಲಿ ಪ್ರಾಧಿಕಾರವು ತಂದ ಸುಧಾರಣೆಗಳು ಸ್ವಾಗತಾರ್ಹ. ಮೊದಲೇ ಇದ್ದ ಕಾಯಿಲೆಗಳಿಗೆ ಕಾಯುವ ಅವಧಿಯ ಗರಿಷ್ಠ ಮಿತಿ 4 ವರ್ಷದಿಂದ 3ಕ್ಕೆ ಇಳಿಯಿತು. ಐದು ವರ್ಷ ಸತತ ವಂತಿಗೆ ಕಟ್ಟಿದವನ ಕೋರಿಕೆಯನ್ನು, ಕಾಯಿಲೆ ಮುಚ್ಚಿಟ್ಟನೆಂಬ ಕಾರಣಕ್ಕೆ, ವಂಚನೆ ಸಾಬೀತಾಗದ ಹೊರತು ತಳ್ಳಿಹಾಕುವಂತಿಲ್ಲ. ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ಕೋರಿಕೆಯೂ ತಿರಸ್ಕೃತವಾಗಕೂಡದು. ಅರವತ್ತು ದಾಟಿದವರ ವಂತಿಗೆಯನ್ನು ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಪ್ರಾಧಿಕಾರದೊಡನೆ ಸಮಾಲೋಚಿಸಬೇಕೆಂದು 2025ರ ಜನವರಿಯಲ್ಲಿ ಆದೇಶವಾಯಿತು. ಆದರೆ ಐವತ್ತೆಂಟರ ವ್ಯಾಪಾರಿಗೆ ಈ ಆಸರೆಯಿಲ್ಲ. ಇಪ್ಪತ್ತು ವರ್ಷ ಆರೋಗ್ಯವಂತನಾಗಿ ವಂತಿಗೆ ಕಟ್ಟಿದವನು, ರೋಗ ಬರುವ ವಯಸ್ಸಿನಲ್ಲಿ ಕಟ್ಟಲಾರದಷ್ಟು ದರ ಕಂಡು ಪಾಲಿಸಿ ಬಿಟ್ಟರೆ, ಅವನನ್ನು ಯಾರೂ ಹೊರಹಾಕಲಿಲ್ಲ ನಿಜ. ನ್ಯಾಸವು ಮಾತ್ರ ಉಳಿಯಲಿಲ್ಲ.

ರೋಗವು ಅಸಾತಾವೇದನೀಯ ಕರ್ಮದ ಫಲ, ಅದಕ್ಕೇಕೆ ವಿಮೆ ಎನ್ನುವವರಿದ್ದಾರೆ. ಹಾಗಿದ್ದರೆ ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ಸ್ಥಾನವೇ ಇರುತ್ತಿರಲಿಲ್ಲ. ಕರ್ಮವು ರೋಗಿಯ ಸಹನೆಗೆ ಆಧಾರವಾಗಲಿ. ನೆರೆಯವರ ಉದಾಸೀನಕ್ಕೆ ನೆಪವಾಗದಿರಲಿ.

ಬೂತುಗನ ಅಕ್ಕ ಪಾಂಬಬ್ಬೆಯು ಮೂವತ್ತು ವರ್ಷ ತಪಸ್ಸು ನಡೆಸಿ, ಪಂಚವ್ರತಗಳನ್ನು ಪಾಲಿಸಿ ಕ್ರಿ.ಶ. 971ರಲ್ಲಿ ದೇಹ ಬಿಟ್ಟ ಸಂಗತಿಯನ್ನು ಕಡೂರಿನ ಶಾಸನ ಹೇಳುತ್ತದೆ. ವ್ರತದ ಬೆಲೆ ಅದನ್ನು ತೊಟ್ಟ ದಿನದಲ್ಲಿಲ್ಲ, ಕಡೆಯ ದಿನದವರೆಗೆ ನಡೆಸಿದುದರಲ್ಲಿದೆ. ವಿಮೆಯೂ ಒಂದು ಮಾತು. ಅದರ ಪರೀಕ್ಷೆಯಾಗುವುದು ಆಸ್ಪತ್ರೆಯ ಹಾಸಿಗೆಯ ಬಳಿ.

ನಮ್ಮ ಬಸದಿ ಮತ್ತು ಮಂದಿರಗಳ ಟ್ರಸ್ಟುಗಳು ಈ ದಿಸೆಯಲ್ಲಿ ಮಾಡಬಹುದಾದ ಕಾರ್ಯಗಳಿವೆ. ಪಾಲಿಸಿಯ ಮುಖ್ಯಾಂಶಗಳ ಪತ್ರವನ್ನು ಕನ್ನಡದಲ್ಲಿ ಕೇಳಿ ಪಡೆಯಲು ಈಗ ಅವಕಾಶವಿದೆ. ಪಾಲಿಸಿ ಕೈಸೇರಿದ 30 ದಿನಗಳೊಳಗೆ ಅದನ್ನು ಹಿಂದಿರುಗಿಸಲೂಬಹುದು. ತಿಂಗಳಿಗೊಂದು ದಿನ ಬಲ್ಲವರೊಬ್ಬರು ಕುಳಿತು ಕುಟುಂಬಗಳ ಪಾಲಿಸಿಯನ್ನು ಓದಿ ತಿಳಿಸಲಿ; ಅರ್ಜಿಯನ್ನು ಸತ್ಯವಾಗಿ ತುಂಬಿಸಲಿ. ಅನ್ಯಾಯವಾದಲ್ಲಿ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಲು ನೆರವಾಗಲಿ. ಮಂದಿರದ ಅರ್ಚಕ, ಅಡಿಗೆಯವರು, ಕಾವಲುಗಾರರ ವಂತಿಗೆಯನ್ನು ಔಷಧದಾನದ ನಿಧಿಯಿಂದ ಕಟ್ಟಲಿ. ಉಳಿದವರಿಗೆ ನ್ಯಾಯವನ್ನು ಕೇಳುವ ಮೊದಲು ನಮ್ಮ ಆಶ್ರಯದಲ್ಲಿ ದುಡಿಯುವವರ ಆರೋಗ್ಯವೂ ನಮ್ಮ ಕೈಯಲ್ಲಿರುವ ನ್ಯಾಸವೆಂಬುದನ್ನು ಶ್ರಾವಕ ಸಮಾಜವು ಮರೆಯಬಾರದು.